ಮೇಡಮ್ಮಾರ ದನಿ, ನನ್ನ ಮೈಕು

ಕಳೆದ ಭಾನುವಾರ ಹಂಪಿ ಬಜಾರಿನಲ್ಲಿ ಒಂದು ಸರ್ಕಾರಿ ಕಾರ್ಯಕ್ರಮ. ನಿಗಮದ ಅಧ್ಯಕ್ಷೆ, ಅಂದರೆ ಒಂದು ಕಾಲದ ಸಿನಿಮಾ ಹೀರೋಯಿನ್, ಭಾಷಣ ಓದುತ್ತಿದ್ದವರು ನಡುವೆ ನಿಲ್ಲಿಸಿದರು. ಮೈಕಿಗೆ ಕೈ ಅಡ್ಡ ಹಿಡಿದರು. ವೇದಿಕೆಯ ಪಕ್ಕದಲ್ಲಿ ಆಂಪ್ಲಿಫೈಯರ್ ಮುಂದೆ ಕೂತಿದ್ದ ನನ್ನ ಕಡೆ ಬಗ್ಗಿ ಕೇಳಿದರು:

“ಪಂಪಣ್ಣಾ, ಇವತ್ತೂ ನಿಮ್ಮ ಮೈಕ್ ಕೆಟ್ಟೈತೇನ್ರಿ?”

ಅಧಿಕಾರಿಗಳೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ಯಾಕೆ ನಕ್ಕೆ ಅಂತ ಹೇಳಬೇಕಾದರೆ ನಿಮ್ಮನ್ನು ಕಂಪ್ಲಿಗೆ ಕರೆದುಕೊಂಡು ಹೋಗಬೇಕು. ಬರ್ರಿ.

ಅದಕ್ಕೂ ಮೊದಲು ಹೊಸ ಓದುಗರಿಗೆ ನನ್ನ ಪರಿಚಯ. ಹೊಸಪೇಟೆಯಲ್ಲಿ ನನ್ನನ್ನು ಮೈಕ್ ಪಂಪಣ್ಣ ಅನ್ನುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ (ಶಾಲೆಯೇ ನನ್ನನ್ನು ಬಿಟ್ಟಿತು ಅಂತ ನಮ್ಮವ್ವ ತಿದ್ದುತ್ತಿದ್ದಳು). ಅವತ್ತಿನಿಂದ ಮದುವೆ, ಉರುಸು, ಪುರಾಣ, ಭಜನೆ, ಚುನಾವಣೆ, ಎಲ್ಲದಕ್ಕೂ ನನ್ನದೇ ಮೈಕ್‌ಸೆಟ್. ನನ್ನ ಹೆಮ್ಮೆ ಒಂದೇ. ಸಭೆ ನಡೆಯುವಾಗ ನನ್ನ ಮೈಕ್ ಕೆಟ್ಟದ್ದು ಯಾರೂ ಕಂಡಿಲ್ಲ.

ಇದು ಸುಮ್ಮನೆ ಬಂದ ಹೆಸರಲ್ಲ. ಅದಿರು ಲಾರಿಗಳ ಓಡಾಟ ಹೆಚ್ಚಾದ ಮೇಲೆ ನನ್ನ ಸ್ಪೀಕರ್ ಹಾರ್ನ್‌ಗಳ ಒಳಗೆಲ್ಲ ಕೆಂಪು ಧೂಳು. ಪ್ರತಿ ಸಭೆಗೂ ಮುಂಚೆ ಒಂದೊಂದನ್ನೂ ಬಿಚ್ಚಿ, ಬ್ರಷ್ ಹಾಕಿ ಒರೆಸಿ, ಬಾಯಿಗೆ ಹಳೇ ಧೋತರ ಕಟ್ಟಿ ಒಯ್ಯುತ್ತೇನೆ. “ಇಷ್ಟ್ ಚಂದ ನಿಮ್ಮ ಹಲ್ಲ ತಿಕ್ಕಿದ್ರ ಮುತ್ತಿನಂಗ ಇರ್ತಿದ್ವು,” ಅನ್ನುತ್ತಾಳೆ ನನ್ನ ಮನೆಯಾಕೆ.

ಇಂಥವನಿಗೆ ವಾರಕ್ಕೊಂದು ಅಂಕಣ! ಮೊನ್ನೆ ಒಬ್ಬ ಓದುಗರು ಪತ್ರ ಬರೆದು ಕೇಳಿದ್ದಾರೆ: “ಏಳನೇ ಕ್ಲಾಸಿನವರಿಗೆ ಇದನ್ನೆಲ್ಲ ಬರೆದುಕೊಡುವವರು ಯಾರು?” ಅವರಿಗೆ ಉತ್ತರ ಇದೆ. ಕೊಡುತ್ತೇನೆ. ಸ್ವಲ್ಪ ತಾಳಿ.

ಈಗ ಕಂಪ್ಲಿ. ಹಿಂದಿನ ಚುನಾವಣೆಯ ಪ್ರಚಾರ. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಹೆಲಿಕಾಪ್ಟರ್ ಬಾಡಿಗೆ ವಿಚಾರಿಸುವ ಕಾಲ. ಸಭೆಯ ಉಸ್ತುವಾರಿ ಹೊತ್ತ ಸಾವ್ಕಾರರೂ ಅಂಥವರೇ. ಮೊದಲು ಅವರದು ಒಂದು ಲಾರಿ ಇತ್ತು. ಈಗ ರಸ್ತೆಯಲ್ಲಿ ನಾವು ಯಾವುದರ ಹಿಂದೆ ಸಿಕ್ಕಿಕೊಂಡರೂ ಅದು ಅವರದೇ ಲಾರಿ.

ನನ್ನನ್ನು ಕರೆಸಿ ಅಂದರು, “ಪಂಪಣ್ಣ, ಹೈದ್ರಾಬಾದಿಂದ ದೊಡ್ಡ ದೊಡ್ಡ ಬಾಕ್ಸ್ ತರಸೋರಿದ್ವಿ. ನಮ್ಮ ಕಡಿಯಾವ ಅಂತ ನಿನಗ ಕೊಟ್ಟೀನಿ. ಸಿನಿಮಾದಾಕಿ ಬರ್ತಾಳ. ಆಕಿ ದನಿ ಕೇಳಾಕ ಸುತ್ತ ಹತ್ತು ಹಳ್ಳಿ ಮಂದಿ ಬರ್ತಾರ. ನಿನ್ನ ಮೈಕೇನಾರ ಕೈ ಕೊಟ್ತು ಅಂದ್ರ, ಇನ್ನ ಆ ಹಾರ್ನು ಕೋಳಿ ಮುಚ್ಚಾಕ ಇಟ್ಕಾ.”

“ಸಾವ್ಕಾರ್ರ, ನನ್ನ ಮೈಕ್ ಕೈ ಕೊಟ್ಟಿದ್ದು ಎಂದರ ಕೇಳೀರೇನ್ರಿ?”

“ಕೇಳಬಾರ್ದು ಅಂತನ ಹೇಳಾಕತ್ತೀನಿ.”

ಆ ದನಿ ನೀವೂ ಕೇಳಿದ್ದೀರಿ. ಸಕ್ಕರೆ ಪಾಕದ ಎಳೆಯಂಥ ದನಿ. ಪರದೆಯ ಮೇಲೆ ಆಕೆ “ಏನೂಂದ್ರೆ” ಅಂತ ಗಂಡನನ್ನು ಕರೆದರೆ ಟಾಕೀಸಿನಲ್ಲಿ ಕೂತ ಗಂಡಸರೆಲ್ಲ “ಹಾಂ” ಅನ್ನುತ್ತಿದ್ದರು (ನಾನೂ ಅಂದಿದ್ದೇನೆ. ಪಕ್ಕದಲ್ಲಿ ಮನೆಯಾಕೆ ಇದ್ದಳು. ಮುಂದಿನದು ಬೇಡ). ಮೊದಲು ಅಳುವ ತಂಗಿ, ಆಮೇಲೆ ಕುಣಿಯುವ ಪ್ರೇಯಸಿ, ಆಮೇಲೆ ದೇವಿ, ಕೊನೆಗೆ ಹೀರೋನ ಅತ್ತಿಗೆ. ಅತ್ತಿಗೆಯಾದ ಮೇಲೆ ಹೀರೋಯಿನ್‌ಗೆ ಉಳಿಯುವುದು ಎರಡೇ ದಾರಿ. ಟೀವಿ ಸೀರಿಯಲ್ಲು, ಇಲ್ಲಾ ರಾಜಕೀಯ. ಇವರು ಎರಡನೆಯದು ಹಿಡಿದರು.

ರೈಸ್ ಮಿಲ್ಲಿನ ಭತ್ತ ಒಣಗಿಸುವ ಅಂಗಳದಲ್ಲಿ ಸಭೆ. ಮುಂದೆಲ್ಲ ಹೆಂಗಸರು. ಕಾರಿಳಿದು ಮೇಡಂ ವೇದಿಕೆ ಹತ್ತಿದರು. ಸಿಳ್ಳೆಯೋ ಸಿಳ್ಳೆ. ಪಕ್ಷದವರು ಬರೆದುಕೊಟ್ಟ ಹಾಳೆ ಬಿಚ್ಚಿ ಶುರು ಮಾಡಿದರು: “ಆತ್ಮೀಯ ಮತದಾರ ಬಂಧುಗಳೇ...”

ಅಂಗಳ ಗಪ್ಪಾಯಿತು.

ಯಾಕೆಂದರೆ ಹಾರ್ನ್‌ಗಳಿಂದ ಬಂದದ್ದು ಪಾಕವಲ್ಲ. ದಪ್ಪ, ಒಡಕು, ಗೊರಗೊರ ದನಿ. ಒಣ ನೆಲದ ಮೇಲೆ ಭತ್ತದ ಚೀಲ ಎಳೆದಂತೆ.

“ಏ ಪಂಪಣ್ಣಾ, ಮೈಕ್ ಸರಿ ಮಾಡಲೇ!”

“ಮೈಕಿನಾಗ ಯಾವನೋ ಗಂಡಸು ಹೊಕ್ಕಾನ, ಹೊರಗ ಹಾಕ್ರಲೇ ಅವನ್ನ!”

ಮುಂದಿನ ಸಾಲಿನಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಒಬ್ಬ ಅಜ್ಜಿ ಎದ್ದು ನಿಂತಳು. “ಯವ್ವಾ, ಸಿನಿಮಾದಾಗ ಕೋಗಿಲಿ ಆಗಿದ್ದಿ. ಕಂಪ್ಲಿಗೆ ಬರೂದ್ರಾಗ ಏನಾತವ್ವ ನಿನ್ನ ಗಂಟಲಿಗೆ?”

ಬಾಸ್ ಇಳಿಸಿದೆ. ಟ್ರೆಬಲ್ ಏರಿಸಿದೆ. ದಪ್ಪ ಗೊರಗೊರ ಹೋಗಿ ತೆಳ್ಳಗಿನ ಗೊರಗೊರ ಬಂತು. ಓಡಿಹೋಗಿ ಮೈಕ್ ಬದಲಿಸಿದೆ. ಅದೇ ದನಿ. ವೇದಿಕೆಯ ಮೇಲಿಂದ ಸಾವ್ಕಾರರು ನನ್ನನ್ನೇ ನೋಡುತ್ತ ಎರಡೂ ಕೈಯಿಂದ ಸನ್ನೆ ಮಾಡಿದರು. ಕೋಳಿ ಮುಚ್ಚುವ ಸನ್ನೆ.

ಮತ್ತೆ ವೇದಿಕೆಗೆ ಹೋದೆ. ಮೇಡಂ ಕೈಯಿಂದ ಮೈಕ್ ಈಸಿಕೊಂಡೆ. “ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ.” ಗಂಟೆ ಬಾರಿಸಿದಂತೆ ಬಂತು ನನ್ನ ದನಿ.

“ಇವಂದು ಚಲೋ ಬರತೈತಲ್ಲ!” ಅಂದಳು ಅಜ್ಜಿ.

ಆಗ ನನಗೆ ಹೊಳೆಯಿತು. ಮೈಕ್ ಸರಿಯಾಗಿಯೇ ಇದೆ. ಕೆಟ್ಟದ್ದೇನೂ ಇಲ್ಲ. ಇಷ್ಟು ವರ್ಷ ನಾವು ಟಾಕೀಸಿನಲ್ಲಿ “ಹಾಂ” ಅಂದದ್ದು ಇನ್ಯಾರದೋ ದನಿಗೆ!

ಮೇಡಂ ಮುಖ ನೋಡಿದೆ. ಪೌಡರಿನ ಮೇಲೆ ಬೆವರು ಇಳಿಯುತ್ತಿತ್ತು. ನನ್ನ ಕಡೆ ಅವರು ನೋಡಲೇ ಇಲ್ಲ.

ಈಗ ಏನು ಮಾಡಲಿ? “ಮೈಕ್ ಸರಿ ಐತಿ, ಇದು ಇವರ ದನಿನ” ಅಂದರೆ ನನ್ನ ಹೆಸರು ಉಳಿಯುತ್ತದೆ. ಆದರೆ ಅಷ್ಟು ಜನರ ಮುಂದೆ ಒಬ್ಬ ಹೆಣ್ಣುಮಗಳ ಹೊಟ್ಟೆಪಾಡಿನ ಗುಟ್ಟು ಬಿಚ್ಚಿಟ್ಟ ಹಾಗೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಗಂಟಲು ಸರಿ ಮಾಡಿಕೊಂಡೆ. ಜೀವಮಾನದಲ್ಲಿ ಆಡದ ಮಾತು ಆಡಿದೆ.

“ತಪ್ಪು ತಿಳಕಾಬ್ಯಾಡ್ರಿ. ನನ್ನ ಮೈಕ್ ಕೆಟ್ಟೈತಿ.”

ಅಂಗಳದ ತುಂಬ ಕೇಕೆ. ಸಾವ್ಕಾರರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮೇಡಂ ಮಾತ್ರ ಮೊದಲ ಸಲ ನನ್ನ ಮುಖ ನೋಡಿದರು. ನಿಧಾನಕ್ಕೆ ಕೈಚಾಚಿ ಮೈಕ್ ವಾಪಸ್ ತೆಗೆದುಕೊಂಡರು.

“ಸುಳ್ಳು ಹೇಳಬ್ಯಾಡ್ರಿ ಅಣ್ಣಾ.” ಅದೇ ಗೊರಗೊರ ದನಿ. “ಮೈಕ್ ಸರಿ ಐತ್ರಿ. ಇದ ನನ್ನ ದನಿ. ಸಿನಿಮಾದಾಗ ನೀವು ಕೇಳಿದ್ದು ಬ್ಯಾರೆ ಒಬ್ಬಾಕಿ ಅಕ್ಕಂದು. ಮಾರಿ ನಂದು, ಮಾತು ಆಕೀದು. ಆಕಿ ಮಾರಿ ನೀವು ನೋಡಲಿಲ್ಲ, ನನ್ನ ದನಿ ನೀವು ಕೇಳಲಿಲ್ಲ. ಇಬ್ಬರದೂ ಹೊಟ್ಟಿ ತುಂಬಿತು.”

ಮೇಡಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ನಾನು ಬೆಂಗಳೂರಾಕಿ ಅಲ್ರಿ. ಇಲ್ಲೇ ಸಂಡೂರ ಬಾಜೂಕ, ಯಶವಂತನಗರದಾಕಿ. ನಮ್ಮಪ್ಪ ಕಂಪನಿ ಬಸ್ ಹೊಡೀತಿದ್ದ. ಮನಿ ಮುಂದ ಮೂರು ಹೊತ್ತೂ ಲಾರಿ ಸಪ್ಪಳ. ನಮ್ಮವ್ವನ್ನ ಕರೀಬೇಕಂದ್ರ ಲಾರಿಗಿಂತ ಜೋರ್ ಒದರಬೇಕಿತ್ತು. ಒದರಿ ಒದರಿ, ಆ ಕೆಂಪು ಧೂಳ ಕುಡದು ಕುಡದು, ಗಂಟಲಾ ಹಿಂಗಾತು. ಸಿನಿಮಾದೋರು ಅಂದ್ರು, ಮುಖ ಚೆನ್ನಾಗಿದೆ, ಬಾಯಿ ಮಾತ್ರ ತೆಗೀಬೇಡಮ್ಮ. ಇವತ್ತ ತಗದೀನಿ.”

“ತಗೀ ನನ್ನವ್ವಾ! ಬೇಕಾದಷ್ಟು ತಗೀ!” ಅಜ್ಜಿ ಕೂಗಿದಳು. ಆಮೇಲೆ ಬಂದ ಸಿಳ್ಳೆ ಇದೆಯಲ್ಲ, ಅದಕ್ಕೆ ನನ್ನ ಮೈಕ್ ಬೇಕಾಗಿರಲಿಲ್ಲ.

ಮೇಡಂ ಬಾಯಿ ತೆಗೆದೇ ತೆಗೆದರು. “ಲಾರಿ ಬ್ಯಾಡ ಅನ್ನಂಗಿಲ್ಲ. ಎಷ್ಟ್ ಮನಿ ಒಲಿ ಅದರಿಂದ ಹತ್ತತಾವ ನನಗ ಗೊತ್ತೈತಿ. ಆದ್ರ ಮ್ಯಾಲೆ ತಾಡಪಾಲು ಹೊದ್ಕೊಂಡು ಓಡಾಡ್ಲಿ. ಮುಂಜಾನಿ ಸಂಜಿ ರಸ್ತಾಕ್ಕ ನೀರು ಹೊಡೀಲಿ. ನಮ್ಮ ಸಾವ್ಕಾರ್ರ ಹೊಡಸ್ತಾರ. ಹೌದಲ್ರಿ ಸಾವ್ಕಾರ್ರ?”

ಸಾವ್ಕಾರರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷಗಳ ಸಭೆಗಳಲ್ಲಿ ನಾನು ಕಂಡ ಅತಿ ಸಣ್ಣ ಚಪ್ಪಾಳೆ ಅದು. (ಟ್ಯಾಂಕರ್ ಬಂತು. ಎರಡು ತಿಂಗಳು ನೀರು ಹೊಡೆಯಿತು. ಆಮೇಲೆ ಟ್ಯಾಂಕರ್ ಮೇಲೂ ಧೂಳು ಕೂತಿತು.)

ಸಭೆ ಮುಗಿದು ವೈರ್ ಸುತ್ತುತ್ತಿದ್ದೆ. ಸಾವ್ಕಾರರು ಬಂದು ನಿಂತರು.

“ಮೈಕ್ ಸರಿ ಐತಿ ಅಂತ ಆಕೀನ ಹೇಳಿದ್ಲಲ್ಲಪಾ. ಮುಂದಿನ ಸಭಾನೂ ನಿಂದ. ಆದ್ರ ಪಂಪಣ್ಣ...”

“ಹೇಳ್ರಿ ಸಾವ್ಕಾರ್ರ.”

“ಇಷ್ಟ್ ಕ್ಲಿಯರ್ ಕೇಳಸೂದು ಬ್ಯಾಡಿತ್ತು.”

ಚುನಾವಣೆ ಆಯಿತು. ಪಕ್ಷ ಗೆದ್ದಿತು. ಮೇಡಂಗೆ ಒಂದು ನಿಗಮ ಕೊಟ್ಟರು. ನಿಗಮಕ್ಕೊಂದು ಕಾರು, ಕಾರಿನ ಹಿಂದಿಂದೆ ಒಬ್ಬ ಪಿ.ಎ., ಪಿ.ಎ. ಕೈಯಲ್ಲಿ ಒಂದು ಫೈಲು.

ಆ ಫೈಲೇ ಮೊನ್ನೆ ಹಂಪಿಗೂ ಬಂದಿತ್ತು. ಬಳೆ, ಸರ, ಬಾಳೆಹಣ್ಣು ಮಾರುವ ಹೆಂಗಸರು ಅಂಗಡಿ ಬಿಟ್ಟು ಬಂದು ಬಿಸಿಲಲ್ಲಿ ಕೂತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ. ದಿನವಿಡೀ ಅಲ್ಲೇ ಇರುವವರಿಗೆ ಒಂದು ಶೌಚಾಲಯ. ಫೈಲಿನಲ್ಲಿ ಇದ್ದದ್ದು ಬೇರೆ. “ಸಮಗ್ರ, ಸುಸ್ಥಿರ, ಸರ್ವತೋಮುಖ...” ಮೇಡಂ ದನಿಯನ್ನೂ ಸಣ್ಣ ಮಾಡಿಕೊಂಡಿದ್ದರು, ಕಚೇರಿ ದನಿ. ನನಗೆ ಕಸಿವಿಸಿ ಆಯಿತು. ಇದು ಮತ್ತೆ ಡಬ್ಬಿಂಗ್ ಅಲ್ಲವೇ? ಆಗ ಬಾಯಿ ಇವರದು, ದನಿ ಬೇರೆಯವರದು. ಈಗ ದನಿ ಇವರದು, ಮಾತು ಪಿ.ಎ.ದು.

ಹೆಂಗಸರು ಒಬ್ಬೊಬ್ಬರೇ ಸೀರೆ ಕೊಡವಿಕೊಂಡು ಏಳತೊಡಗಿದರು. ಒಬ್ಬ ಅಧಿಕಾರಿ ನನ್ನ ಹತ್ತಿರ ಓಡಿಬಂದ. “ಏನ್ರೀ, ಜನ ಹೋಗ್ತಿದ್ದಾರೆ! ಸೌಂಡ್ ಜಾಸ್ತಿ ಕೊಡ್ರಿ.” ಕೊಟ್ಟೆ. ಇನ್ನೂ ನಾಲ್ವರು ಎದ್ದರು.

ಆಗಲೇ ಮೇಡಂ ಓದು ನಿಲ್ಲಿಸಿ ನನ್ನ ಕಡೆ ಬಗ್ಗಿ ಕೇಳಿದ್ದು, ಇವತ್ತೂ ಮೈಕ್ ಕೆಟ್ಟಿದೆಯೇ ಅಂತ.

ನಗು ಮುಗಿಸಿಕೊಂಡೆ. ಕಂಪ್ಲಿಯಲ್ಲಿ ಹೇಳಿದ ಸುಳ್ಳನ್ನು ಎರಡನೇ ಸಲ ಹೇಳುವ ಮನಸ್ಸಾಗಲಿಲ್ಲ.

“ಇಲ್ರೀ ಮೇಡಮ್ಮಾರ. ಮೈಕ್ ಸರಿ ಐತಿ.”

ಅವರಿಗೆ ಅರ್ಥವಾಯಿತು. ಫೈಲನ್ನು ಪಿ.ಎ. ಕೈಗೆ ಕೊಟ್ಟು, ಮೈಕ್ ಮೇಲಿನ ಕೈ ತೆಗೆದರು.

“ಏ ಯವ್ವಾ, ಎಲ್ಲಿಗೆ ಹೊಂಟ್ರಿ? ಕುಂದ್ರಿ! ನಿಮಗೇನ್ ಬೇಕು, ಮೊದ್ಲ ಅದನ್ನ ಹೇಳ್ರಿ.”

ಯಶವಂತನಗರದ ಆ ಗೊರಗೊರ ದನಿ ಕಲ್ಲಿನ ಸಾಲುಮಂಟಪಗಳ ನಡುವೆ ಹೊರಳಿತು. ಎದ್ದವರೆಲ್ಲ ಕೂತರು. ಮೇಡಂ ವೇದಿಕೆ ಇಳಿದು ಒಬ್ಬ ಬಳೆ ಮಾರುವಾಕೆಯ ಮುಂದೆ ಮೈಕ್ ಹಿಡಿದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿದಳು.

“ಬ್ಯಾಡ್ರಿ ಅಮ್ಮಾರ, ನನ್ನ ದನಿ ಚಲೋ ಇಲ್ರಿ.”

“ನಂದೇನ್ ಚಲೋ ಐತೇನ? ಹಿಡೀ ಮೈಕ್!”

ಹಿಡಿದಳು. ಹೇಳಿದಳು. ಶೌಚಾಲಯ ಅನ್ನುವ ಮಾತು ಗುಡಿಯ ಗೋಪುರಕ್ಕೆ ಬಡಿದು ವಾಪಸ್ ಬಂತು. ಅಧಿಕಾರಿಗಳು ಬರೆದುಕೊಂಡರು. ಕಟ್ಟಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಸಲಿಲ್ಲ ಅಂತ ಮಾತ್ರ ಯಾರೂ ಹೇಳುವಂತಿಲ್ಲ. ಅಷ್ಟು ನನ್ನ ಗ್ಯಾರಂಟಿ.

ಇನ್ನು, ಇದನ್ನೆಲ್ಲ ನನಗೆ ಯಾರು ಬರೆದುಕೊಡುತ್ತಾರೆ ಅಂತ ಕೇಳಿದ ಓದುಗರೇ, ದನಿನೂ ನಂದ, ಮಾತೂ ನಂದ. ನನ್ನ ಮೈಕ್ ಸರಿ ಐತ್ರಿ. ನಿಮ್ಮದು?