ಅಳಿಯನಿಗೆ ಹುಲ್ಲು ತುಳಿಯಲು ಕಲಿಸಿದ ಅತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಬ್ಬಿಣದ ಜಾಲರಿಯ ಆಚೆ, ಗಂಬೂಟು ತೊಟ್ಟ ಹೆಂಗಸೊಬ್ಬರು ಹುಲ್ಲಿನ ಅಂಗಳದಲ್ಲಿ ಬಗ್ಗಿ ಬಗ್ಗಿ ಕೈಯಾಡಿಸುತ್ತಿದ್ದಾರೆ. ಗಾಜಿನ ಚೂರು, ತಂತಿ, ಮುಳ್ಳು, ಏನೂ ಇರಬಾರದು. ಒಳಕೋಣೆಯಲ್ಲಿ ಕೂಡಿಹಾಕಿರುವ ಸಿಂಹ ಬಾಗಿಲಿಗೆ ಮೈಯುಜ್ಜುತ್ತಾ ಗೊಣಗುತ್ತದೆ. "ಇರಪ್ಪಾ, ನಿನ್ನ ಅಂಗಳಾನೇ ನೋಡ್ತಿದ್ದೀನಿ" ಎನ್ನುತ್ತಾರೆ ಅವರು, ತಲೆ ಎತ್ತದೆ.

ಸಿರಿವಂತರ ಮನೆಗಳಿಂದ ಬಿಡಿಸಿ ತಂದ, ಇಲ್ಲವೇ ಅವರೇ ಬೇಸತ್ತು ಬಿಟ್ಟುಕೊಟ್ಟ ಕಾಡುಪ್ರಾಣಿಗಳ ಆಶ್ರಯಧಾಮವಿದು. ಎರಡು ದಶಕಗಳಿಂದ ಇಲ್ಲಿ ಪ್ರಾಣಿಪಾಲಕಿಯಾಗಿರುವ ಇವರು ಎಲ್ಲರ ಬಾಯಲ್ಲೂ 'ಅತ್ತೆ'. ಸಿಂಹದ ಹೆಸರು 'ಅಳಿಯ'. "ಕೂತಲ್ಲಿಗೇ ಊಟ ಬರ್ಬೇಕು, ತಡ ಆದ್ರೆ ಮುಖ ಊದಿಸ್ಕೊಳ್ತಾನೆ. ಇನ್ನೇನಂತ ಕರೀಲಿ?" ದಿನಕ್ಕೆ ಏಳು ಕಿಲೋ ಮಾಂಸ, ವಾರಕ್ಕೊಂದು ಉಪವಾಸ. ಉಪವಾಸದ ದಿನ ಅಳಿಯ ಅತ್ತೆಯತ್ತ ತಿರುಗಿಯೂ ನೋಡುವುದಿಲ್ಲವಂತೆ.

ಹಿಂದೆ ಅರಸರು ಜಿರಾಫೆ, ಚೀತಾಗಳನ್ನು ಉಡುಗೊರೆ ಕಳಿಸಿ ತಮ್ಮ ದೊಡ್ಡಸ್ತಿಕೆ ತೋರಿಸುತ್ತಿದ್ದರು. ಆಮೇಲೆ ಆ ಗೀಳು ವ್ಯಾಪಾರಿಗಳಿಗೆ ಅಂಟಿತು, ಈಗ ಮೊಬೈಲ್ ಹಿಡಿದವರಿಗೆ. ಅತ್ತೆಯ ತಂದೆ ಬಂಗಲೆಯೊಂದರಲ್ಲಿ ಚಿರತೆ ನೋಡಿಕೊಳ್ಳುತ್ತಿದ್ದರು. ಅತಿಥಿಗಳು ಬಂದಾಗ ಅದನ್ನು ಯಜಮಾನರ ಕುರ್ಚಿಯ ಪಕ್ಕ ಕೂರಿಸಬೇಕಿತ್ತು. ಅತ್ತೆ ಒಂದು ಹಳೆಯ ಫೋಟೊ ತೋರಿಸುತ್ತಾರೆ. ಯಜಮಾನರಿದ್ದಾರೆ, ಚಿರತೆಯಿದೆ, ಅಂಚಿನಲ್ಲಿ ಸರಪಳಿ ಹಿಡಿದ ಒಂದು ಕೈ ಇದೆ. "ಆ ಕೈ ನಮ್ಮಪ್ಪಂದು." ಚಿರತೆ ಸತ್ತ ದಿನ ಅಪ್ಪ ಊಟ ಬಿಟ್ಟು ಕೂತಿದ್ದರೆ, ಯಜಮಾನರು ಇನ್ನೊಂದನ್ನು ತರಿಸುವ ಮಾತಾಡಿದರು. ಅಪ್ಪ ಅವತ್ತೇ ಕೆಲಸ ಬಿಟ್ಟರು.

ಅಳಿಯ ಬಂದದ್ದು ಉದ್ಯಮಿಯೊಬ್ಬರ ಮನೆಯ ತಾರಸಿಯಿಂದ. ಮರಿಯಾಗಿದ್ದಾಗ ಔತಣಕೂಟಗಳಲ್ಲಿ ತೊಡೆಯಿಂದ ತೊಡೆಗೆ ದಾಟುತ್ತಿದ್ದವನು, ಕೇಸರ ಮೂಡಿ ಗರ್ಜಿಸತೊಡಗಿದ ಮೇಲೆ ಬೇಡವಾದ. ಸಿಮೆಂಟಿನ ಮೇಲೇ ಬೆಳೆದವನಿಗೆ ಹುಲ್ಲೆಂದರೆ ಭಯ. ಹೊಸ್ತಿಲಿನಾಚೆ ಪಾದ ಇಟ್ಟರೆ ಕೆಂಡ ತುಳಿದವನಂತೆ ಹಿಂದೆ ಸರಿಯುತ್ತಿದ್ದ. ಮಾಂಸವನ್ನು ಹುಲ್ಲಿನ ಮೇಲಿಟ್ಟರೆ ಹಸಿದುಕೊಂಡೇ ನೋಡುತ್ತ ಕೂರುತ್ತಿದ್ದ. ಹೀಗೇ ಮೂಲೆ ಹಿಡಿದರೆ ಹಿಂಗಾಲುಗಳ ಬಲ ಪೂರ್ತಿ ಹೋಗುತ್ತದೆ ಎಂದು ವೈದ್ಯೆ ಎಚ್ಚರಿಸಿದರು.

ಅತ್ತೆ ಹಳೆಯ ಗೋಣಿಚೀಲ ಕಲೆಹಾಕಿದರು. ಹೊಸ್ತಿಲಿನಿಂದ ಅಂಗಳದ ನಡುವಿನವರೆಗೆ ಹಾಸಿ, ಹೊರಬಂದು, ಬಾಗಿಲು ತೆಗೆದರು. ಚೀಲದ ಮೇಲೆ ಅಳಿಯ ಧೈರ್ಯವಾಗಿ ನಡೆದ. ಆಮೇಲೆ ದಿನಾ ಚೀಲಗಳ ನಡುವಿನ ಸಂದು ಚೂರುಚೂರೇ ಅಗಲವಾಯಿತು. ಅವನು ಅದನ್ನು ಹಾರುತ್ತಿದ್ದ, ಇಲ್ಲವೇ ಮುನಿಸಿಕೊಂಡು ವಾಪಸಾಗುತ್ತಿದ್ದ. "ನನ್ನ ಮಗಳಿಗೆ ನಡೆಯೋದು ಕಲಿಸೋವಾಗ್ಲೂ ಇಷ್ಟು ಒದ್ದಾಡಿರ್ಲಿಲ್ಲ." ಹರಿದ ಚೀಲಗಳನ್ನು ದರ್ಜಿಯಾಗಿರುವ ಗಂಡ ಹೊಲಿದುಕೊಟ್ಟರು, ಸಿಂಹಕ್ಕೂ ಬಟ್ಟೆ ಹೊಲಿಯುವ ಯೋಗ ಬಂತಲ್ಲ ಎಂದು ಗೊಣಗುತ್ತಲೇ.

ಒಂದು ಬೆಳಗ್ಗೆ ಚೀಲದಿಂದ ಜಾರಿದ ಮುಂಗಾಲು ಹುಲ್ಲಿನ ಮೇಲೆ ಬಿತ್ತು. ಅಳಿಯ ಅದನ್ನು ಎತ್ತಲಿಲ್ಲ. ಮೂಸಿದ. ಇನ್ನೊಂದು ಕಾಲನ್ನೂ ಇಟ್ಟ. ಆಮೇಲೆ ಧೊಪ್ಪನೆ ಬಿದ್ದು, ನಾಲ್ಕೂ ಕಾಲು ಮೇಲೆತ್ತಿ ಹೊರಳಾಡಿದ. ಜಾಲರಿಯಾಚೆ ಅತ್ತೆ ಬಕೆಟ್ ಕೆಳಗಿಟ್ಟು ಅತ್ತುಬಿಟ್ಟರಂತೆ.

ಕಳೆದ ತಿಂಗಳು ಅಳಿಯನ ಹಳೆಯ ಯಜಮಾನರು ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದರು. ಸಿಂಹ ಹತ್ತಿರ ಬಂದರೆ ಒಂದು ಫೋಟೊ ತೆಗೆಸಿಕೊಳ್ಳುವ ಆಸೆ. ತಾವಿಟ್ಟಿದ್ದ ಹೆಸರು ಹಿಡಿದು ಕೂಗಿದರು, ಚಪ್ಪಾಳೆ ತಟ್ಟಿದರು. ಅಂಗಳದ ಆ ತುದಿಯಲ್ಲಿ ಬೆನ್ನು ಮಾಡಿ ಮಲಗಿದ್ದವನು ಕಿವಿಯನ್ನಷ್ಟೇ ಅಲ್ಲಾಡಿಸಿದ. ಅವರು ಕಾದು ಕಾದು ಹೊರಟುಹೋದರು.

ನೀವು ಕರೆದಿದ್ದರೆ ಬರುತ್ತಿದ್ದನೇ ಎಂದು ಕೇಳುತ್ತೇನೆ. ಅತ್ತೆ ಕೈ ತೊಳೆದು ನಲ್ಲಿ ನಿಲ್ಲಿಸುತ್ತಾರೆ.

"ಓಡಿ ಬರ್ತಿದ್ದ. ಪಾಪ, ಬಿಸಿಲಿಗೆ ಹಾಯಾಗಿ ಮಲಗಿದ್ದ. ಅದಕ್ಕೇ ನಾನು ಕರೀಲಿಲ್ಲ."