ಮಾತಾಡುವಷ್ಟು ವೇಗ

ಅಕ್ಕ ತೀರಿಕೊಂಡ ಮೇಲೆ ನಾನು ಓಡಲು ಶುರು ಮಾಡಿದೆ. ದುಃಖ ಮರೆಯಲು ಓಡುತ್ತಾಳೆ ಎಂದು ಆಫೀಸಿನವರು ತಿಳಿದರು. ನಿಜ ಹೇಳಬೇಕೆಂದರೆ ವಿಚಾರಿಸುವವರಿಂದ ತಪ್ಪಿಸಿಕೊಳ್ಳಲು ಓಡುತ್ತಿದ್ದೆ.

ಹಲಸೂರಿನಲ್ಲಿ ನಾನೂ ಅಕ್ಕನೂ ಒಂದೇ ಬೀದಿಯವರು. ಬೆಳಿಗ್ಗೆ ಇಬ್ಬರೂ ಕೆರೆಯ ಪಕ್ಕ ವಾಕಿಂಗ್ ಹೋಗುತ್ತಿದ್ದೆವು. ಅಲ್ಲಿಗೆ ಬರುವವರೆಲ್ಲ ಪರಿಚಯದವರೇ. ಕಾರ್ಯವೆಲ್ಲ ಮುಗಿದು ನಾನು ಒಬ್ಬಳೇ ಹೋದಾಗ ಒಬ್ಬೊಬ್ಬರೂ ನಿಲ್ಲಿಸಿ ಕೈ ಹಿಡಿದರು. "ಅಯ್ಯೋ, ಹೇಗಾಯ್ತಮ್ಮ?"

ಇದನ್ನು ನಮ್ಮಲ್ಲಿ ಮೊದಲಿನಿಂದ ಹೇಳಬೇಕು. ಊಟಕ್ಕೆ ಏನು ಮಾಡಿದ್ದಳು, ಎದೆ ಉರಿ ಎಂದು ಯಾವಾಗ ಅಂದಳು, ಆಟೋ ಸಿಕ್ಕಿತೋ ಇಲ್ಲವೋ, ಡಾಕ್ಟರ್ ಏನೆಂದರು. ಒಂದು ಬಿಟ್ಟರೂ ಕೇಳುವವರೇ ನೆನಪಿಸುತ್ತಾರೆ. "ಮೊದಲು ಗ್ಯಾಸ್ ಅಂದ್ಕೊಂಡ್ರಂತಲ್ಲ, ಅದು ಹೇಳ್ಲೇ ಇಲ್ಲ ನೀವು."

ಹೇಳಿ ಹೇಳಿ ಕಥೆ ನುಣುಪಾಯಿತು. ಎಲ್ಲಿ ಸ್ವಲ್ಪ ನಿಲ್ಲಿಸಬೇಕು, ಎಲ್ಲಿ ಎದುರಿನವರು ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ ಎಂಬುದೆಲ್ಲಾ ಗೊತ್ತಾಗಿಬಿಟ್ಟಿತು. ಒಂದು ದಿನ ಕಥೆಯಲ್ಲಿ ಆ ಜಾಗ ಬರುವ ಮೊದಲೇ ನಾನು ಎದುರಿನವರ ಸೆರಗು ನೋಡುತ್ತಿದ್ದೆ. ಅವತ್ತು ಭಯವಾಯಿತು. ಹೀಗೇ ಹೇಳುತ್ತಾ ಹೋದರೆ ಅಕ್ಕನದು ಬೇರೆಲ್ಲಾ ಅಳಿಸಿಹೋಗಿ ಆಸ್ಪತ್ರೆಯ ದಿನವೊಂದೇ ಉಳಿಯುತ್ತದೆ ಅನಿಸಿತು. ಇನ್ನು ಯಾರಿಗೂ ಹೇಳಬಾರದು ಅಂದುಕೊಂಡೆ.

ಮರುದಿನ ಎದುರಿನಿಂದ ಇಬ್ಬರು ಬರುವುದು ಕಂಡಿತು. ಕಾಲು ತಾನಾಗಿ ಓಡಿತು. ಓಡುವವರ ಕೈಯನ್ನು ಯಾರೂ ಹಿಡಿಯುವುದಿಲ್ಲ. ಹಿಂದಿನಿಂದ "ಪಾಪ" ಎಂದದ್ದು ಮಾತ್ರ ಕೇಳಿಸಿತು.

ಕೆರೆಯ ಹತ್ತಿರ ಇಂದಿರಾನಗರದ ಹುಡುಗ ಹುಡುಗಿಯರ ಓಟದ ಗುಂಪೊಂದಿತ್ತು. ಅವರ ಕೋಚ್ ನನ್ನನ್ನೂ ಸೇರಿಸಿಕೊಂಡ. ಹಾಫ್ ಮ್ಯಾರಥಾನ್ ಓಡಿ ಎಂದ. ಇಪ್ಪತ್ತೊಂದು ಕಿಲೋಮೀಟರ್. ಅಷ್ಟು ಹೊತ್ತು ಯಾರೂ ಮಾತಾಡಿಸುವುದಿಲ್ಲವಲ್ಲ ಎಂದು ಒಪ್ಪಿಕೊಂಡೆ.

"ಆಂಟಿ, ತುಂಬಾ ಫಾಸ್ಟ್ ಹೋಗ್ತಿದೀರ," ಎಂದು ಅವನು ಬೈಯುತ್ತಿದ್ದ. "ಓಡ್ತಾ ಓಡ್ತಾ ಪಕ್ಕದವರ ಜೊತೆ ಆರಾಮಾಗಿ ಮಾತಾಡೋಕೆ ಆಗ್ಬೇಕು. ಅದೇ ಕರೆಕ್ಟ್ ಸ್ಪೀಡು."

"ಮಾತಾಡೋಕೆ ಆಗದಿರೋ ಸ್ಪೀಡೇ ನಂಗೆ ಬೇಕಪ್ಪ."

"ಹಂಗಾದ್ರೆ ಕೊನೇಲಿ ಕಾಲು ಮಾತಾಡುತ್ತೆ, ಕೇಳಿಸ್ಕೊಳ್ಳಿ."

ಭಾನುವಾರ ದೂರದ ಓಟದ ಅಭ್ಯಾಸ, ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ಕಡೆಗೆ. ಆ ರಸ್ತೆಯಲ್ಲಿ ನನ್ನ ವಯಸ್ಸಿನ ಹೆಂಗಸು ಓಡಿದರೆ ಅದಕ್ಕೆ ಒಂದೇ ಅರ್ಥ. ಒಂದು ಸಲ, ಹೊರಟಿದ್ದ ಬಸ್ಸನ್ನು ಕಂಡಕ್ಟರ್ ವಿಷಲ್ ಹೊಡೆದು ನಿಲ್ಲಿಸಿದ. ಬಾಗಿಲಲ್ಲಿದ್ದ ಅಜ್ಜಿ ಕೈ ಚಾಚಿತು. "ನಿಧಾನ ಬಾಮ್ಮ, ನಿಂತೈತೆ." ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಸುಮ್ಮನೆ ಓಡುತ್ತಿದ್ದೇನೆ ಎನ್ನಲು ಧೈರ್ಯ ಬರಲಿಲ್ಲ. ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು ಮತ್ತೆ ಓಡತೊಡಗಿದಾಗ ಕಂಡಕ್ಟರ್ ತಲೆ ಹೊರಗೆ ಹಾಕಿ ನೋಡುತ್ತಲೇ ಹೋದ. ಅಕ್ಕನಿಗೆ ಹೇಳಿದ್ದರೆ, ಹತ್ತಿದ್ದು ಹತ್ತಿದೆ, ಸಂತೆವರೆಗೂ ಹೋಗಿ ಸೊಪ್ಪು ತರಬಾರದಿತ್ತಾ ಅನ್ನುತ್ತಿದ್ದಳು.

ಹಾಫ್ ಮ್ಯಾರಥಾನ್ ದಿನ ಎಲ್ಲರಿಗಿಂತ ಮುಂದೆ ಹೊರಟೆ. ಕುಕ್ ಟೌನ್ ದಾಟುವವರೆಗೂ ಹಾರಿಕೊಂಡು ಹೋದೆ. ಹಲಸೂರಿಗೆ ವಾಪಸ್ ಬರುವ ಹೊತ್ತಿಗೆ, ಇನ್ನು ಸ್ವಲ್ಪವೇ ಉಳಿದಿದೆ ಎನ್ನುವಾಗ, ಕಾಲಿನ ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿತು. ನೀರು ಕೊಡುವ ಮೇಜಿನ ಬಳಿ ಕುಂಟುತ್ತಿದ್ದಾಗ ಯಾರೋ ಕೈ ಹಿಡಿದರು. ನಮ್ಮ ವಾಕಿಂಗಿನ ಮಾಮಿ. ಚೆನ್ನೈಯಲ್ಲಿ ಮಗಳ ಬಾಣಂತನ ಮುಗಿಸಿ ಆ ವಾರವಷ್ಟೇ ಬಂದಿದ್ದರು.

"ಎಲ್ಲಾರೂ ಸಿಕ್ಕಿದ್ರು, ನೀನೇ ಸಿಗ್ಲಿಲ್ಲ. ಹೇಗಾಯ್ತಮ್ಮ?"

ಓಡುವ ಹಾಗಿರಲಿಲ್ಲ. ಮಾಮಿ ಚಪ್ಪಲಿಯಲ್ಲೇ ರಸ್ತೆಗಿಳಿದು ನನ್ನ ಜೊತೆ ಹೆಜ್ಜೆ ಹಾಕಿದರು. ಕಥೆಯ ಮೊದಲ ಸಾಲು ಬಾಯಿಗೆ ಬಂದುಬಿಟ್ಟಿತ್ತು. ನುಂಗಿಕೊಂಡೆ.

"ಅದೊಂದು ಕೇಳ್ಬೇಡಿ ಮಾಮಿ. ಬೇರೆ ಏನಾದ್ರೂ ಮಾತಾಡಿ."

ಮಾಮಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸರಿ. ನಿಮ್ಮಕ್ಕ ನಿನ್ನ ಮೇಲೆ ಕಂಪ್ಲೇಂಟ್ ಹೇಳ್ತಿದ್ಲು, ಗೊತ್ತಾ?"

"ಏನಂತೆ?"

"ನನ್ನ ತಂಗಿ ಎಮ್ಮೆ ಥರ ನಡೀತಾಳೆ, ಅವಳು ಹಿಂದೆ ಬೀಳ್ಬಾರ್ದು ಅಂತ ನಾನೂ ಕಾಲು ಎಳೀತೀನಿ, ಇಲ್ದಿದ್ರೆ ಇನ್ನೆರಡು ಸುತ್ತು ಹಾಕ್ತಿದ್ದೆ ಅಂತ."

ನಿಂತುಬಿಟ್ಟೆ. ಅಷ್ಟು ವರ್ಷ ಅವಳಿಗಾಗಿ ನಿಧಾನ ಮಾಡಿದವಳು ನಾನು. ಅಕ್ಕನಿಗೆ ಮಂಡಿನೋವು ಎಂದು ಮುಂದೆ ಹೋಗುವ ಕಾಲನ್ನು ಹಿಡಿದು ಹಿಡಿದು ಇಡುತ್ತಿದ್ದೆ.

"ಸುಳ್ಳು ಮಾಮಿ. ನಿಧಾನ ಅವಳದು."

"ನಂಗೇನು ಗೊತ್ತು. ನಿಮ್ಮಿಬ್ಬರ ಹಿಂದೆ ಸಿಕ್ಕಾಕೊಂಡ್ರೆ ಮದುವೆ ಮೆರವಣಿಗೆ ಹಿಂದೆ ಸಿಕ್ಕಾಕೊಂಡ ಹಾಗೆ."

ನಗು ಬಂತು, ಬೆನ್ನಿಗೇ ಕೋಪ ಬಂತು. ಜಗಳವಾಡೋಣ ಎಂದರೆ ಅವಳಿಲ್ಲ. ಕಣ್ಣೊರೆಸಿಕೊಂಡು ಮಾಮಿಗೆ ಹೇಳತೊಡಗಿದೆ: ಅಕ್ಕ ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಂದಾಗ ಆ ವಾಸನೆಗೆ ಕೆರೆಯ ನಾಯಿಗಳೆಲ್ಲ ಹಿಂದೆ ಬಿದ್ದದ್ದು, ರಸೆಲ್ ಮಾರುಕಟ್ಟೆಯಲ್ಲಿ ಹೂವಿನವಳ ಮೊಳ ಚಿಕ್ಕದು ಎಂದು ಜಗಳ ತೆಗೆದು ಕೊನೆಗೆ ಅವಳಿಗೇ ಟೀ ಕೊಡಿಸಿದ್ದು. ಮಾಮಿ ತಮಗೆ ಗೊತ್ತಿದ್ದದ್ದನ್ನೂ ಸೇರಿಸಿದರು. ನಮ್ಮ ಗುಂಪಿನವರೆಲ್ಲ ನಮ್ಮನ್ನು ದಾಟಿ ಹೋದರು. ಒಲೆ ಮೇಲೆ ಬೇಳೆ ಇಟ್ಟು ಬಂದಿದ್ದೇನೆ ಎಂದು ತಮಗೆ ನೆನಪಾಗುವವರೆಗೂ ಮಾಮಿ ಜೊತೆಗಿದ್ದರು. ಉಳಿದದ್ದನ್ನು ನಡೆದುಕೊಂಡೇ ಮುಗಿಸಿದೆ.

ಮರುದಿನ ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಇಳಿದು ಕೆರೆಗೆ ಹೋದೆ. ಎದುರು ಬಂದವರು ನಾನು ಓಡಲೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನೇ ಅವರ ಕೈ ಹಿಡಿದು ನಿಲ್ಲಿಸಿದೆ. "ನೀವು ದಿನಾ ನೋಡಿದೀರ, ನಿಜ ಹೇಳಿ. ನಮ್ಮಿಬ್ಬರಲ್ಲಿ ನಿಧಾನ ಯಾರು?"