ಇಬ್ಬರು ತೊಳೆದ ಕೋಣೆ

ತೀರಾ ಶುಚಿಯಾದ ಕೋಣೆ ಕಂಡರೆ ನನಗೆ ಈಗಲೂ ಗಲಿಬಿಲಿ. ಇದನ್ನು ಯಾರೋ ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದಾರೋ, ಇಲ್ಲಾ ಇಲ್ಲಿಗೆ ಯಾರೂ ಕಾಲೇ ಇಡುವುದಿಲ್ಲವೋ? ಈ ಸಂಶಯವನ್ನು ನಮ್ಮ ಅತ್ತೆಯವರ ಹತ್ತಿರ ಹೇಳಿಕೊಂಡಾಗ, "ಗುಡಿಸೋಕೆ ಸೋಮಾರಿತನ ಅಂತ ನೆಟ್ಟಗೆ ಹೇಳು ಮಾರಾಯ್ತಿ" ಅಂದಿದ್ದರು. ಅದೂ ಇದ್ದೀತು. ಆದರೆ ನನ್ನ ಸಂಶಯ ಹುಟ್ಟಿದ್ದು ಮನೆಯಲ್ಲಲ್ಲ. ಅರವತ್ತರ ದಶಕದಲ್ಲಿ, ಭದ್ರಾವತಿಯ ಜನ್ನಾಪುರದ ಒಂದು ಪ್ರೈಮರಿ ಶಾಲೆಯ ಡ್ರಾಯಿಂಗ್ ರೂಮಿನಲ್ಲಿ.

ಒಂದೇ ಕಾಂಪೌಂಡಿನಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಎರಡೂ ಇದ್ದವು. ಚಿತ್ರ ಬರೆಯಲು ಇದ್ದದ್ದು ಒಂದೇ ಕೋಣೆ. ಬೆಳಿಗ್ಗೆ ನಮಗೆ, ಮಧ್ಯಾಹ್ನದ ಮೇಲೆ ಅವರಿಗೆ. ನಾನು ಕನ್ನಡ ಶಾಲೆಯ ಡ್ರಾಯಿಂಗ್ ಟೀಚರ್, ಅರ್ಧ ದಿನದ ಕೆಲಸ. ಮಧ್ಯಾಹ್ನ ಉಕ್ಕಿನ ಕಾರ್ಖಾನೆಯ ಸೈರನ್ ಕೂಗಿದ ಕೂಡಲೇ ಓಡಿದರೆ ಮಾತ್ರ ಮನೆಗೆ ಹೋಗುವ ಶಿವಮೊಗ್ಗದ ಬಸ್ಸು ಸಿಗುತ್ತಿತ್ತು. ಉರ್ದು ಶಾಲೆಯ ಖೈರುನ್ನೀಸಾ ಟೀಚರ್ ಗೇಟಿನಲ್ಲಿ ಎದುರಾಗುತ್ತಿದ್ದರು. ಅವರು ನಗುತ್ತಿದ್ದರು, ನಾನು ನಗುತ್ತಲೇ ಓಡುತ್ತಿದ್ದೆ. ನಮ್ಮ ಪರಿಚಯ ಅಷ್ಟೇ.

ಹೊರಡುವ ಮುಂಚೆ ಕೋಣೆ ತೊಳೆದಿಡುತ್ತಿದ್ದೆ. ನಮಾಜು ಮಾಡುವ ಜನ, ಶುಚಿಯಲ್ಲಿ ಕಟ್ಟುನಿಟ್ಟು, ಅವರಿಗೆ ಗಲೀಜು ಜಾಗ ಬಿಟ್ಟುಹೋಗಬಾರದು ಎಂದು ನನ್ನ ಎಣಿಕೆ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ನಾನು ತೊಳೆದು ಬೋರಲು ಹಾಕಿದ್ದ ನೀರಿನ ಡಬ್ಬಿಗಳು ಇನ್ನಷ್ಟು ಫಳಫಳ ಹೊಳೆಯುತ್ತಿದ್ದವು, ಬೂದಿ ಹಾಕಿ ಉಜ್ಜಿದ ಹಾಗೆ. ಇದು ಉಪಕಾರವೋ, ಆಕ್ಷೇಪಣೆಯೋ? ನನ್ನ ಕೈ ಅಷ್ಟು ಕೊಳಕೇ? ಮಾರನೆಯ ದಿನ ಹುಣಸೆಹಣ್ಣು ತಂದು ಉಜ್ಜಿದೆ. ಅದರ ಮಾರನೆಯ ದಿನ ಕಿಟಕಿಯ ಸರಳುಗಳೂ ಹೊಳೆದವು! ಅತಿವಿನಯಂ ಧೂರ್ತಲಕ್ಷಣಂ ಅನ್ನುತ್ತಾರೆ. ಆದರೆ ಇಲ್ಲಿ ವಿನಯ ಯಾರದು, ಧೂರ್ತತನ ಯಾರದು ಎಂಬುದೇ ತಿಳಿಯದು. ನಮ್ಮ ಶಾಸ್ತ್ರಗಳಲ್ಲಿ ಹಿತ್ತಾಳೆಗೆ, ಕಂಚಿಗೆ, ರೇಷ್ಮೆಗೆ ಒಂದೊಂದು ಶುದ್ಧಿ ಇದೆ. ಯಾವ ಪ್ರಾಣಿಯ ಕೂದಲಿನದೋ ದೇವರೇ ಬಲ್ಲ ಅನ್ನುವಂಥ ಬಣ್ಣದ ಬ್ರಷ್ಷಿನ ವಿಚಾರದಲ್ಲಿ ಮಾತ್ರ ಯಾವ ಋಷಿಯೂ ಬಾಯಿ ಬಿಟ್ಟಿಲ್ಲ.

ಕೊನೆಗೆ ಉಪಾಯವೊಂದು ಹೊಳೆಯಿತು. ಕೊಳೆ ಮಾಡದಿದ್ದರೆ ತೊಳೆಯುವ ತಂಟೆಯೇ ಇಲ್ಲವಲ್ಲ! ಮಕ್ಕಳನ್ನು ಕೋಣೆಯ ಮುಂದಿನ ಹೊಂಗೆಮರದ ಕೆಳಗೆ ಕೂರಿಸಿ, ಸ್ಲೇಟು ಬಳಪದಲ್ಲೇ ಚಿತ್ರ ಬರೆಸತೊಡಗಿದೆ. ಇಲಾಖೆಯವರು ಕಳಿಸಿದ ಹೊಸ ಬಣ್ಣದ ಪೆಟ್ಟಿಗೆ ಒಳಗೆ ಕಪಾಟಿನಲ್ಲಿ ಹಾಗೇ ಕೂತಿತ್ತು. ಮೊದಲು ಉರ್ದು ಶಾಲೆಯವರು ಬಿಚ್ಚಲಿ ಎಂದು ನಾನು ಮುಟ್ಟಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹೆಡ್‌ಮಾಸ್ಟರು ಕರೆದರು. "ಟೀಚರ್, ಡ್ರಾಯಿಂಗ್ ರೂಮು ಸುಮ್ನೆ ಬಿದ್ದಿದೆಯಲ್ಲ, ಹಾಲಿನ ಪುಡಿ ಮೂಟೆ ಇಡೋಣ ಅಂತ. ಒಳ್ಳೆ ಕನ್ನಡಿ ಥರ ಇದೆ. ಮಧ್ಯಾಹ್ನ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದು ನೋಡಿ ಹ್ಞೂಂ ಅಂದ್ರೆ ಮುಗೀತು."

ಕೋಣೆ ಹೋದರೆ ಡ್ರಾಯಿಂಗ್ ಪೀರಿಯಡ್ಡೂ ಹೋದಂತೆ. ಪೀರಿಯಡ್ಡು ಹೋದ ಮೇಲೆ ಡ್ರಾಯಿಂಗ್ ಟೀಚರ್ ಯಾರಿಗೆ ಬೇಕು? ಅವತ್ತು ಸೈರನ್ ಕೂಗಿದರೂ ನಾನು ಓಡಲಿಲ್ಲ. ಮಕ್ಕಳನ್ನೂ ಮನೆಗೆ ಬಿಡಲಿಲ್ಲ. ಖೈರುನ್ನೀಸಾ ಟೀಚರ್ ತಮ್ಮ ಮಕ್ಕಳ ಜೊತೆ ಬಂದ ತಕ್ಷಣ ವಿಷಯ ಹೇಳಿದೆ. ಬೆಳಿಗ್ಗೆ ನಾನು ಹೊರಗಿದ್ದರೂ ಮಧ್ಯಾಹ್ನ ಅವರ ಪಾಠ ಒಳಗೇ ನಡೆಯುತ್ತದೆ ಎಂದುಕೊಂಡಿದ್ದೆ; ರೂಮು ಸುಮ್ಮನೆ ಬಿದ್ದಿದೆ ಎಂದು ಹೆಡ್‌ಮಾಸ್ಟರು ಯಾಕೆ ಅಂದರೋ ನನಗೆ ಅರ್ಥವಾಗಿರಲಿಲ್ಲ.

"ಯಾಕ್ರೀ, ನೀವು ಒಳಗೆ ಪಾಠ ಮಾಡಲ್ವಾ?" ಎಂದೆ.

"ತೋಬಾ ತೋಬಾ! ನೀವು ಮಡಿ ಜನ. ನಮ್ ಮಕ್ಳು ಬಣ್ಣ ಚೆಲ್ಲಿ ಹೋದ್ರೆ ನಿಮಗೆ ಬೇಜಾರಾಗಲ್ವಾ? ಅದಕ್ಕೇ ರೂಮಿನ ಹಿಂದ್ಗಡೆ ನೆರಳಲ್ಲಿ ಕೂರಿಸ್ತೀನಿ. ನೀವು?"

"ನಾನು ಮುಂದ್ಗಡೆ."

"ಹಂಗಾದ್ರೆ ಒಳಗೆ ಯಾರ್ರೀ ಇದ್ದದ್ದು?"

ಒಳಗೆ ಯಾರಿದ್ದರು! ನಾನು ಮಡಿಯವಳಂತೆ! ಹಿಂದಿನ ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದವಳು ನಾನು. ಇಬ್ಬರೂ ಮಕ್ಕಳನ್ನು ಕರೆದುಕೊಂಡು ಒಳಗೆ ನುಗ್ಗಿದೆವು.

ಬಣ್ಣದ ಪೆಟ್ಟಿಗೆ ಕೆಳಗಿಳಿಸಿದೆವು. "ನೀವು ತೆಗೀರಿ," "ಛೆ, ನೀವೇ ತೆಗೀರಿ" ಎಂದು ಅಲ್ಲೂ ಶುರುವಾಯಿತು. ನಮ್ಮ ಉಪಚಾರ ಮುಗಿಯುವಷ್ಟರಲ್ಲಿ ಮಕ್ಕಳೇ ಮುಚ್ಚಳ ಕಿತ್ತಿದ್ದರು. ಎರಡು ಶಾಲೆಯ ಮಕ್ಕಳು, ಒಂದು ಪೆಟ್ಟಿಗೆ. ಇನ್ನು ಹೇಳುವುದೇನಿದೆ? ಕಾಗದಕ್ಕೆ ಬಿದ್ದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದೇಬಿಟ್ಟರು. ಈ ಕೋಣೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ವಿವರಿಸಲು ನಾನು ಮನಸ್ಸಿನಲ್ಲೇ ಒಂದು ಭಾಷಣ ಕಟ್ಟಿಟ್ಟುಕೊಂಡಿದ್ದೆ. ಅದಕ್ಕೆ ಅವಕಾಶವೇ ಸಿಗಲಿಲ್ಲ. ಅವರು ಹೊಸ್ತಿಲಲ್ಲೇ ಪಂಚೆ ಎತ್ತಿ ಹಿಡಿದು ನಿಂತರು.

"ಏನ್ರೀ ಹೆಡ್‌ಮಾಸ್ಟ್ರೇ, ಮಕ್ಳು ಕುಡಿಯೋ ಹಾಲಿನ ಪುಡೀನ ಈ ಗಲೀಜಲ್ಲಿ ಇಡೋದಾ? ಬುದ್ಧಿ ಇದೆಯೇನ್ರೀ? ಬೇರೆ ಜಾಗ ನೋಡಿ!"

ಹೆಡ್‌ಮಾಸ್ಟರು ನಮ್ಮನ್ನು ದುರುಗುಟ್ಟಿ ನೋಡಿ ಹೋದರು. ಗಲೀಜು ಅನ್ನಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಆಮೇಲೆ ಇಬ್ಬರೂ ಬಕೆಟ್ಟಿಗೇ ಕೈ ಹಾಕಿದೆವು, ಹಾಳು ಅಭ್ಯಾಸ. ಹೊಸ್ತಿಲ ಹತ್ತಿರ ಯಾವುದೋ ಮಗುವಿನ ಹಸಿರು ಹೆಜ್ಜೆಯೊಂದು ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಹೋಗುವಂಥದ್ದು. ಒರೆಸಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಮುಂದಿನ ಬಸ್ಸಿನ ಹಾರನ್ನು ಕೇಳಿಸಿತು, ಓಡಿದೆ. ದಾರಿಯಲ್ಲಿ ಮಲವಗೊಪ್ಪ ದಾಟುವವರೆಗೂ ಅದೇ ಚಿಂತೆ, ಖೈರುನ್ನೀಸಾ ಟೀಚರ್ ಏನಂದುಕೊಂಡರೋ ಏನೋ ಎಂದು.

ಬೆಳಿಗ್ಗೆ ಬಂದು ಬೀಗ ತೆಗೆದೆ. ಹಸಿರು ಹೆಜ್ಜೆ ಹಾಗೇ ಇತ್ತು. ಅದರ ಪಕ್ಕದಲ್ಲಿ ನೀಲಿಯದೊಂದು ಹೊಸದಾಗಿ ಸೇರಿತ್ತು. ಮಗುವಿನದಲ್ಲ, ದೊಡ್ಡವರ ಪಾದ.

ಇದು ಉಪಕಾರವೋ ಆಕ್ಷೇಪಣೆಯೋ ಎಂಬ ಗೊಂದಲ ಅವತ್ತು ಮಾತ್ರ ನನಗಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೆಂಪು ಬಣ್ಣ ಉಳಿದಿದೆಯೋ ಎಂದು ಪೆಟ್ಟಿಗೆಯಲ್ಲಿ ಹುಡುಕಿದೆ.